ಕ್ಯಾಂಪಸ್ ಹೋರಾಟ ಗೆಲ್ಲುವುದು ಹೇಗೆ, ಗೆದ್ದದ್ದು ಉಳಿಯುವುದು ಹೇಗೆ

ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿ ಇರುವುದು ಮೂರು ವರ್ಷ, ಹೆಚ್ಚೆಂದರೆ ನಾಲ್ಕೈದು. ಆಡಳಿತ ಮಂಡಳಿ ಇರುವುದು ದಶಕಗಟ್ಟಲೆ. ಹಾಗಾಗಿ ಯಾವುದೇ ಹೋರಾಟ ಶುರುವಾದಾಗ ಆಡಳಿತದ ಕೈಯಲ್ಲಿ ಒಂದು ಸುಲಭದ ಅಸ್ತ್ರ ಇದ್ದೇ ಇರುತ್ತದೆ: ಸುಮ್ನೆ ಕಾಯುವುದು. ಪರೀಕ್ಷೆ ಬರುತ್ತದೆ, ರಜೆ ಬರುತ್ತದೆ, ಮುಂದೆ ನಿಂತಿದ್ದವರು ಪಾಸಾಗಿ ಹೊರಟುಹೋಗುತ್ತಾರೆ. ಮುಂದಿನ ವರ್ಷ ಸೇರುವ ಹೊಸಬರಿಗೆ ಹಿಂದಿನ ವರ್ಷ ಏನಾಯಿತು ಅನ್ನುವುದೇ ಗೊತ್ತಿರುವುದಿಲ್ಲ.

ವಿದ್ಯಾರ್ಥಿ ಚಳವಳಿ ಅಂದಾಗ ನಾವು ಘೋಷಣೆ, ಮೆರವಣಿಗೆ, ಬಂಧನ ಇವುಗಳ ಬಗ್ಗೆಯೇ ಜಾಸ್ತಿ ಮಾತಾಡುತ್ತೇವೆ. ಈ ಸಮಯದ ಲೆಕ್ಕವನ್ನು ಮರೆಯುತ್ತೇವೆ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ಹಣವಿಲ್ಲದ, ಹುದ್ದೆಯಿಲ್ಲದ, ಬೇಗ ಹೊರಟುಹೋಗುವ ಜನ ಅಷ್ಟು ದೊಡ್ಡ ಸಂಸ್ಥೆಗಳನ್ನು ಬದಲಿಸಿದ್ದು ಹೇಗೆ? ಯಾವ ಗೆಲುವು ಉಳಿಯಿತು, ಯಾವುದು ಒಂದೆರಡು ವರ್ಷದಲ್ಲಿ ಕರಗಿಹೋಯಿತು? ಇತಿಹಾಸದಲ್ಲಿ ಇದಕ್ಕೆ ಸಾಕಷ್ಟು ಸ್ಪಷ್ಟವಾದ ಉತ್ತರಗಳಿವೆ.

ಕ್ಯಾಂಪಸ್ಸಿನಲ್ಲೇ ಯಾಕೆ?

1960ರ ಫೆಬ್ರವರಿ 1. ಅಮೆರಿಕದ ಗ್ರೀನ್ಸ್‌ಬರೊ ಊರು. ಅಲ್ಲಿನ ವೂಲ್‌ವರ್ತ್ ಅಂಗಡಿಯಲ್ಲಿ ಕಪ್ಪು ಜನರು ಸಾಮಾನು ಕೊಳ್ಳಬಹುದಿತ್ತು. ಆದರೆ ಊಟದ ಕೌಂಟರಿನಲ್ಲಿ ಕೂತು ತಿನ್ನುವಂತಿರಲಿಲ್ಲ. ಅವತ್ತು ನಾಲ್ಕು ಕಪ್ಪು ವಿದ್ಯಾರ್ಥಿಗಳು ಹೋಗಿ ಆ ಕೌಂಟರಿನಲ್ಲಿ ಕೂತರು. ನಾಲ್ವರೂ ಒಂದೇ ಕಾಲೇಜಿನಲ್ಲಿ ಮೊದಲ ವರ್ಷ ಓದುತ್ತಿದ್ದವರು, ಹಾಸ್ಟೆಲಿನ ಗೆಳೆಯರು. ಏನೂ ಕೊಡಲಿಲ್ಲ. ಅಂಗಡಿ ಮುಚ್ಚುವವರೆಗೂ ಅವರು ಏಳಲಿಲ್ಲ. ಮಾರನೆಯ ದಿನ ಇಪ್ಪತ್ತಕ್ಕೂ ಹೆಚ್ಚು ಜನ ಬಂದರು. ಮೂರನೆಯ ದಿನ ಅರವತ್ತು ದಾಟಿತು. ನಾಲ್ಕನೆಯ ದಿನ ಮುನ್ನೂರರಷ್ಟಾಯಿತು. ಕೆಲವೇ ವಾರಗಳಲ್ಲಿ ಈ ಧರಣಿ ಹತ್ತಾರು ಊರುಗಳ ಕಾಲೇಜುಗಳಿಗೆ ಹಬ್ಬಿತು.

ಇಷ್ಟು ಬೇಗ ಜನ ಸೇರಿದ್ದು ಹೇಗೆ? ಹಾಸ್ಟೆಲಿನಲ್ಲಿ ಒಂದೇ ಕಡೆ ಮಲಗುತ್ತಾರೆ, ಒಂದೇ ಕಡೆ ಉಣ್ಣುತ್ತಾರೆ, ಒಂದೇ ತರಗತಿಗೆ ಹೋಗುತ್ತಾರೆ. ಒಂದು ಸುದ್ದಿ ರಾತ್ರಿ ಊಟದ ಹೊತ್ತಿಗೆ ಎಲ್ಲರಿಗೂ ಮುಟ್ಟುತ್ತದೆ. ಸಂಸಾರದ ಹೊರೆ ಇನ್ನೂ ಹೆಗಲಿಗೆ ಬಿದ್ದಿರುವುದಿಲ್ಲ. ದಿನವಿಡೀ ಒಂದು ಕಡೆ ಕೂರಲು ಕಾರ್ಮಿಕನಿಗೆ ಸಂಬಳ ಬಿಡಬೇಕು, ವಿದ್ಯಾರ್ಥಿಗೆ ತರಗತಿ ಬಿಟ್ಟರೆ ಸಾಕು.

ಇದರ ಜೊತೆಗೆ ಇನ್ನೊಂದು ಸಂಗತಿ ಇದೆ. 1964ರ ಬೇಸಿಗೆಯಲ್ಲಿ ನೂರಾರು ಕಾಲೇಜು ವಿದ್ಯಾರ್ಥಿಗಳು ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸಲು ಮಿಸಿಸಿಪ್ಪಿ ರಾಜ್ಯಕ್ಕೆ ಹೋದರು. ಅದು ಜೀವಕ್ಕೇ ಅಪಾಯವಿದ್ದ ಕೆಲಸ. ಅರ್ಜಿ ಹಾಕಿ ಹೋದವರನ್ನೂ, ಅರ್ಜಿ ಹಾಕಿ ಆಯ್ಕೆಯಾಗಿ ಕೊನೆಗೆ ಹೋಗದೆ ಉಳಿದವರನ್ನೂ ಸಮಾಜಶಾಸ್ತ್ರಜ್ಞ ಡಗ್ ಮ್ಯಾಕ್‌ಆಡಮ್ ಹೋಲಿಸಿ ನೋಡಿದರು. ನಂಬಿಕೆಯಲ್ಲಿ, ಆದರ್ಶದಲ್ಲಿ ಎರಡು ಗುಂಪಿಗೂ ಅಂಥ ವ್ಯತ್ಯಾಸವೇ ಇರಲಿಲ್ಲ. ಹೋದವರಿಗೆ ಅಲ್ಲಿಗೆ ಹೊರಟಿದ್ದ ಆಪ್ತ ಗೆಳೆಯರು ಜಾಸ್ತಿ ಇದ್ದರು. ಪೋಸ್ಟರ್ ನೋಡಿ ಬರುವವರಿಗಿಂತ ಪಕ್ಕದ ಕೋಣೆಯ ಗೆಳತಿ ಕರೆದಳೆಂದು ಬರುವವರು ಹೆಚ್ಚು. ಸಂಘಟನೆ ಕಟ್ಟುವವರು ಗಮನ ಕೊಡಬೇಕಾದದ್ದು ಇಲ್ಲಿಗೆ. ಜನ ಬರದಿದ್ದರೆ ಅವರಿಗೆ ಕಾಳಜಿ ಇಲ್ಲವೆಂದು ಬೈಯುವುದು ಸುಲಭ. ಅವರನ್ನು ಹೆಸರು ಹಿಡಿದು ಕರೆದವರು ಯಾರು ಎಂದು ಮೊದಲು ಕೇಳಿಕೊಳ್ಳಬೇಕು.

ಗ್ರೀನ್ಸ್‌ಬರೊದ ಕಥೆಯಲ್ಲಿ ಹೆಚ್ಚು ಜನ ಹೇಳದ ಒಂದು ಭಾಗ ಉಂಟು. ಬೇಸಿಗೆ ರಜೆ ಬಂತು, ಕಾಲೇಜಿನವರು ಊರಿಗೆ ಹೋದರು. ಹೋರಾಟ ಅಲ್ಲಿಗೇ ಮುಗಿಯಬೇಕಿತ್ತು. ಆಗ ಆ ಊರಿನ ಡಡ್ಲಿ ಹೈಸ್ಕೂಲಿನ ಮಕ್ಕಳು ಆ ಜಾಗಕ್ಕೆ ಬಂದು ಕೂತರು. ಜುಲೈ 25ರಂದು ಅಂಗಡಿಯವರು ಪಟ್ಟು ಬಿಟ್ಟು, ಕಪ್ಪು ಜನರಿಗೂ ಆ ಕೌಂಟರಿನಲ್ಲಿ ಊಟ ಬಡಿಸಿದರು. ಮೊದಲ ದಿನ ಕೂತ ನಾಲ್ವರ ಧೈರ್ಯ ದೊಡ್ಡದು. ರಜೆಯ ತಿಂಗಳುಗಳನ್ನು ತುಂಬಿದ ಹೈಸ್ಕೂಲಿನವರೂ ಅಷ್ಟೇ ಲೆಕ್ಕಕ್ಕೆ ಬರಬೇಕು, ಅಲ್ವಾ?

ವಿದ್ಯಾರ್ಥಿಗಳ ಕೈಯಲ್ಲಿ ಏನಿದೆ?

ಆಡಳಿತ ಮಂಡಳಿಯಲ್ಲಿ ಸಾಮಾನ್ಯವಾಗಿ ವಿದ್ಯಾರ್ಥಿಗೆ ಮತ ಇರುವುದಿಲ್ಲ. ಇದ್ದರೂ ಒಂದೋ ಎರಡೋ. ಹಾಗಾದರೆ ಒತ್ತಡ ಬರುವುದು ಎಲ್ಲಿಂದ? ದಿನನಿತ್ಯದ ಕೆಲಸ ನಿಲ್ಲುವುದರಿಂದ, ಸಂಸ್ಥೆಯ ಹೆಸರಿಗೆ ಬರುವ ಕಳಂಕದಿಂದ, ಸಂಸ್ಥೆಯ ಹಣದಿಂದ, ಮತ್ತು ಅಧ್ಯಾಪಕರಿಂದ. ಇದರಲ್ಲಿ ಕೊನೆಯದನ್ನು ಬಹಳ ಜನ ಮರೆಯುತ್ತಾರೆ.

1964ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯ ಒಂದು ಆದೇಶ ಹೊರಡಿಸಿತು. ಕ್ಯಾಂಪಸ್ಸಿನ ಗೇಟಿನ ಬಳಿ ಮೇಜು ಹಾಕಿ ರಾಜಕೀಯ ಕರಪತ್ರ ಹಂಚುವುದು, ಚಂದಾ ಎತ್ತುವುದು ಇನ್ನು ಮುಂದೆ ನಡೆಯಕೂಡದು ಎಂದು. ಅಕ್ಟೋಬರ್ 1ರಂದು ಹಾಗೆ ಮೇಜು ಹಾಕಿ ಕೂತಿದ್ದ ಒಬ್ಬನನ್ನು ಪೊಲೀಸರು ಕಾರಿಗೆ ಹತ್ತಿಸಿದರು. ಸುತ್ತಲಿದ್ದ ವಿದ್ಯಾರ್ಥಿಗಳು ಆ ಕಾರಿನ ಸುತ್ತ ಕೂತುಬಿಟ್ಟರು. ಸುಮಾರು 32 ಗಂಟೆ ಕಾರು ಅಲುಗಾಡಲಿಲ್ಲ. ಒಬ್ಬೊಬ್ಬರಾಗಿ ಕಾರಿನ ಮೇಲೆ ಹತ್ತಿ ಭಾಷಣ ಮಾಡಿದರು. ಮುಂದೆ ಆ ಚಳವಳಿಯ ದನಿಯಾದ ಮಾರಿಯೊ ಸ್ಯಾವಿಯೊ ಕಾರಿಗೆ ಪೆಟ್ಟಾಗದಿರಲೆಂದು ಬೂಟು ಬಿಚ್ಚಿಟ್ಟು ಹತ್ತಿದರು. ಆ ಸಣ್ಣ ಎಚ್ಚರ ನನಗೆ ತುಂಬ ಇಷ್ಟ. ಜಗಳ ನಿಯಮದ ಜೊತೆಗಿತ್ತು, ಕಾರಿನ ಜೊತೆಗಲ್ಲ.

ಡಿಸೆಂಬರ್ ಮೊದಲ ವಾರ ಆಡಳಿತ ಕಟ್ಟಡದೊಳಗೆ ಧರಣಿ ಕೂತವರಲ್ಲಿ ಸುಮಾರು 800 ಜನರನ್ನು ಬಂಧಿಸಿದರು. ಅಲ್ಲಿಯವರೆಗೆ ಎರಡೂ ಕಡೆ ಇಲ್ಲದೆ ನಿಂತಿದ್ದ ಅಧ್ಯಾಪಕರು ಅದನ್ನು ನೋಡಿ ಕದಲಿದರು. ಡಿಸೆಂಬರ್ 8ರಂದು ಅಧ್ಯಾಪಕರ ಸಭೆ ವಿದ್ಯಾರ್ಥಿಗಳ ಬೇಡಿಕೆಯ ಪರವಾಗಿ 824ಕ್ಕೆ 115 ಮತಗಳಿಂದ ನಿರ್ಣಯ ಮಾಡಿತು. ಅಷ್ಟಾದ ಮೇಲೆ ಆಡಳಿತಕ್ಕೆ ಹಳೆಯ ಆದೇಶವನ್ನು ಹಿಡಿದುಕೊಂಡು ಕೂರುವುದು ಕಷ್ಟವಾಯಿತು. ವಿದ್ಯಾರ್ಥಿ ನಾಲ್ಕು ವರ್ಷಕ್ಕೆ ಹೋಗುತ್ತಾನೆ, ಅಧ್ಯಾಪಕ ಮೂವತ್ತು ವರ್ಷ ಇರುತ್ತಾನೆ. ಅಧ್ಯಾಪಕರು ಪರವಾಗಿ ನಿಂತರೆ ಕಾಯುವ ಆಟ ನಡೆಯುವುದಿಲ್ಲ.

ಬಲಪ್ರಯೋಗ ತಿರುಗಿ ಹೊಡೆಯುವುದು ಬೇರೆ ಕಡೆಯೂ ಕಂಡಿದೆ. 1968ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಕಟ್ಟಡಗಳನ್ನು ವಿದ್ಯಾರ್ಥಿಗಳು ಹಿಡಿದಿಟ್ಟರು. ಪಕ್ಕದಲ್ಲಿದ್ದ, ಕಪ್ಪು ಜನರೇ ಹೆಚ್ಚಾಗಿದ್ದ ಹಾರ್ಲೆಮ್ ಬಡಾವಣೆಯ ಜನರ ಪಾರ್ಕಿನಲ್ಲಿ ವಿಶ್ವವಿದ್ಯಾಲಯ ಜಿಮ್ ಕಟ್ಟಲು ಹೊರಟಿದ್ದು ಒಂದು ಕಾರಣ, ಯುದ್ಧ ಸಂಶೋಧನೆಯ ನಂಟು ಇನ್ನೊಂದು. ಪೊಲೀಸರು ನುಗ್ಗಿ ಸುಮಾರು 700 ಜನರನ್ನು ಬಂಧಿಸಿದರು. ಹಲವರಿಗೆ ಗಾಯಗಳಾದವು. ಅಲ್ಲಿಯವರೆಗೆ ಸುಮ್ಮನಿದ್ದವರೂ ಸೇರಿ ಇಡೀ ಕ್ಯಾಂಪಸ್ಸೇ ಮುಷ್ಕರಕ್ಕೆ ಇಳಿಯಿತು. ಆ ಜಿಮ್ ಅಲ್ಲಿ ಏಳಲೇ ಇಲ್ಲ.

ಇನ್ನು ಹಣದ ವಿಷಯ. ದೊಡ್ಡ ವಿಶ್ವವಿದ್ಯಾಲಯಗಳ ಬಳಿ ದೇಣಿಗೆ ಮತ್ತು ಪಿಂಚಣಿಯ ದೊಡ್ಡ ನಿಧಿಗಳಿರುತ್ತವೆ. ಆ ಹಣವನ್ನು ಷೇರುಗಳಲ್ಲಿ ಹೂಡಿರುತ್ತಾರೆ. ದಕ್ಷಿಣ ಆಫ್ರಿಕಾದ ವರ್ಣಭೇದ ಸರ್ಕಾರದ ಜೊತೆ ವ್ಯಾಪಾರ ಮಾಡುವ ಕಂಪನಿಗಳಲ್ಲೂ ಈ ಹಣ ಇತ್ತು. 'ನಾವು ಓದುವ ಸಂಸ್ಥೆಯ ಹಣ ಅಲ್ಲಿರಬಾರದು' ಎಂಬುದು 1970ರ ದಶಕದಿಂದಲೇ ಅಮೆರಿಕದ ವಿದ್ಯಾರ್ಥಿಗಳ ಬೇಡಿಕೆಯಾಗಿತ್ತು. ಎಷ್ಟೋ ತಂಡಗಳು ಬಂದು ಹೋದವು, ಬೇಡಿಕೆ ಮಾತ್ರ ಕೈಯಿಂದ ಕೈಗೆ ದಾಟಿತು. 1986ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸುಮಾರು 310 ಕೋಟಿ ಡಾಲರ್ ಹೂಡಿಕೆಯನ್ನು ಅಂಥ ಕಂಪನಿಗಳಿಂದ ಹಿಂತೆಗೆಯಲು ಒಪ್ಪಿತು. ಅದೇ ವರ್ಷ ಅಮೆರಿಕದ ಸಂಸತ್ತು ಅಧ್ಯಕ್ಷ ರೇಗನ್ ಅವರ ವಿಟೋವನ್ನೂ ಮೀರಿ ದಕ್ಷಿಣ ಆಫ್ರಿಕಾದ ಮೇಲೆ ನಿರ್ಬಂಧ ಹೇರುವ ಕಾಯ್ದೆ ತಂದಿತು. ಇದು ಬರೀ ವಿದ್ಯಾರ್ಥಿಗಳಿಂದ ಆಯಿತೆಂದರೆ ತಪ್ಪಾದೀತು. ದಕ್ಷಿಣ ಆಫ್ರಿಕಾದ ಜನರೇ ಪ್ರಾಣ ಕೊಟ್ಟು ಹೋರಾಡುತ್ತಿದ್ದರು. ಆದರೆ ದೂರದ ಒಂದು ಅನ್ಯಾಯವನ್ನು ತಮ್ಮ ಕುಲಪತಿ ಸಹಿ ಹಾಕಬಹುದಾದ ಒಂದು ತೀರ್ಮಾನಕ್ಕೆ ಜೋಡಿಸಿದ್ದು ವಿದ್ಯಾರ್ಥಿಗಳ ಜಾಣತನ.

ನಾಲ್ಕು ಬೇಡಿಕೆ, ಒಂದು ವಾರ

ಒಂದೇ ಒಂದು ಕ್ಯಾಂಪಸ್ ಹೋರಾಟವನ್ನು ಕೂಲಂಕಷವಾಗಿ ನೋಡಬೇಕೆಂದರೆ ನಾನು 1988ರ ಗ್ಯಾಲೊಡೆಟ್ ವಿಶ್ವವಿದ್ಯಾಲಯದ್ದನ್ನೇ ತೋರಿಸುತ್ತೇನೆ. ಅದು ವಾಷಿಂಗ್ಟನ್ ನಗರದಲ್ಲಿ ಕಿವುಡರಿಗಾಗಿಯೇ ಇರುವ ವಿಶ್ವವಿದ್ಯಾಲಯ. ಶುರುವಾದದ್ದು 1864ರಲ್ಲಿ. 124 ವರ್ಷಗಳಲ್ಲಿ ಒಬ್ಬ ಕಿವುಡ ವ್ಯಕ್ತಿಯೂ ಅದರ ಅಧ್ಯಕ್ಷರಾಗಿರಲಿಲ್ಲ. ಆ ವರ್ಷ ಕೊನೆಯ ಸುತ್ತಿಗೆ ಮೂವರು ಉಳಿದಿದ್ದರು. ಇಬ್ಬರು ಕಿವುಡರು, ಒಬ್ಬರು ಕಿವಿ ಕೇಳುವವರು. ಮಾರ್ಚ್ 6ರ ಭಾನುವಾರ ಆಡಳಿತ ಮಂಡಳಿ ಕಿವಿ ಕೇಳುವ ಎಲಿಜಬೆತ್ ಜಿನ್ಸರ್ ಅವರನ್ನು ಆರಿಸಿತು. ಅವರಿಗೆ ಸನ್ನೆ ಭಾಷೆ ಬರುತ್ತಿರಲಿಲ್ಲ.

ಸೋಮವಾರ ಬೆಳಗ್ಗೆ ವಿದ್ಯಾರ್ಥಿಗಳು ಕ್ಯಾಂಪಸ್ಸಿನ ಗೇಟುಗಳನ್ನು ಮುಚ್ಚಿದರು. ಅವರು ಮುಂದಿಟ್ಟದ್ದು ನಾಲ್ಕೇ ಬೇಡಿಕೆ. ಜಿನ್ಸರ್ ರಾಜೀನಾಮೆ ಕೊಡಬೇಕು, ಕಿವುಡ ಅಧ್ಯಕ್ಷರು ಬರಬೇಕು. ಮಂಡಳಿಯ ಮುಖ್ಯಸ್ಥೆ ಕೆಳಗಿಳಿಯಬೇಕು. ಮಂಡಳಿಯಲ್ಲಿ ಶೇಕಡ 51ರಷ್ಟು ಕಿವುಡ ಸದಸ್ಯರಿರಬೇಕು. ಹೋರಾಟದಲ್ಲಿ ಸೇರಿದ ಯಾರ ಮೇಲೂ ಕ್ರಮ ಕೈಗೊಳ್ಳಬಾರದು.

ಈ ನಾಲ್ಕನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಮೊದಲನೆಯದು ಎಲ್ಲರಿಗೂ ಅರ್ಥವಾಗುವಂಥದ್ದು, ಟಿವಿಯಲ್ಲಿ ಹತ್ತು ಸೆಕೆಂಡಿನಲ್ಲಿ ಹೇಳಬಹುದು. ಎರಡನೆಯದು ಆ ತೀರ್ಮಾನಕ್ಕೆ ಹೊಣೆ ಯಾರೆಂದು ತೋರಿಸುತ್ತದೆ. ನಾಲ್ಕನೆಯದು ಮುಂದೆ ನಿಂತವರ ಬೆನ್ನು ಕಾಯುತ್ತದೆ. ಇಡೀ ಹೋರಾಟದ ತಿರುಳು ಮೂರನೆಯದರಲ್ಲಿದೆ. ಅಧ್ಯಕ್ಷರು ಇವತ್ತು ಬದಲಾಗುತ್ತಾರೆ, ನಾಳೆ ಮತ್ತೆ ಬದಲಾಗುತ್ತಾರೆ. ಅಧ್ಯಕ್ಷರನ್ನು ಆರಿಸುವ ಮಂಡಳಿಯಲ್ಲಿ ಯಾರಿರಬೇಕು ಅನ್ನುವುದು ಬದಲಾದರೆ, ಆಮೇಲೆ ಬರುವ ಪ್ರತಿ ಆಯ್ಕೆಯೂ ಬದಲಾಗುತ್ತದೆ.

ಆ ವಾರ ವಿದ್ಯಾರ್ಥಿಗಳು ಒಂಟಿಯಾಗಿರಲಿಲ್ಲ. ಹಳೆಯ ವಿದ್ಯಾರ್ಥಿಗಳು ಮತ್ತು ಕಿವುಡ ಸಮುದಾಯದ ಮುಖಂಡರು ಆಯ್ಕೆಗೂ ಮೊದಲೇ, ಮಾರ್ಚ್ 1ರಂದು, ದೊಡ್ಡ ಸಭೆ ನಡೆಸಿ ನೆಲ ಹದ ಮಾಡಿದ್ದರು. ಅಧ್ಯಾಪಕರು, ಸಿಬ್ಬಂದಿ ಬೆಂಬಲಕ್ಕೆ ಬಂದರು. ದೇಶದ ಬೇರೆ ಬೇರೆ ಕಡೆಯ ಕಿವುಡರು ಹಣ ಕಳಿಸಿದರು. ಗುರುವಾರ ಜಿನ್ಸರ್ ರಾಜೀನಾಮೆ ಕೊಟ್ಟರು. ಅಲ್ಲಿಗೆ ಮುಗಿಸಬಹುದಿತ್ತು. ಮುಗಿಸಲಿಲ್ಲ. ಶುಕ್ರವಾರ ಸಂಸತ್ ಭವನಕ್ಕೆ ಮೆರವಣಿಗೆ ಹೋದರು, ಉಳಿದ ಬೇಡಿಕೆಗಳು ಹಾಗೇ ಇವೆ ಎಂದು. ಮಾರ್ಚ್ 13ರ ಭಾನುವಾರ ಮಂಡಳಿ ನಾಲ್ಕನ್ನೂ ಒಪ್ಪಿತು. ಐ. ಕಿಂಗ್ ಜೋರ್ಡನ್ ಮೊದಲ ಕಿವುಡ ಅಧ್ಯಕ್ಷರಾದರು. ಕಿವುಡರಾದ ಫಿಲಿಪ್ ಬ್ರೇವಿನ್ ಮಂಡಳಿಯ ಮುಖ್ಯಸ್ಥರಾದರು. ಎರಡು ವರ್ಷದ ನಂತರ, 1990ರಲ್ಲಿ, ಅಂಗವಿಕಲರ ಹಕ್ಕುಗಳ ದೊಡ್ಡ ಕಾಯ್ದೆ ಅಮೆರಿಕದಲ್ಲಿ ಬಂದಾಗ ಈ ವಾರದ ನೆನಪು ಎಲ್ಲರಲ್ಲೂ ಹಸಿಯಾಗಿತ್ತು.

ಅಲ್ಲಿಗೆ ಎಲ್ಲ ಸರಿಹೋಯಿತೇ? ಇಲ್ಲ. 2006ರಲ್ಲಿ ಅದೇ ಮಂಡಳಿ ಆರಿಸಿದ ಇನ್ನೊಬ್ಬ ಅಧ್ಯಕ್ಷರನ್ನು ವಿರೋಧಿಸಿ ವಿದ್ಯಾರ್ಥಿಗಳು ಮತ್ತೆ ಗೇಟು ಮುಚ್ಚಿದರು. ಆ ಆಯ್ಕೆಯನ್ನೂ ಮಂಡಳಿ ಹಿಂತೆಗೆಯಬೇಕಾಯಿತು. ಈ ಸಲ ಆಯ್ಕೆಯಾದವರೂ ಕಿವುಡರೇ ಆಗಿದ್ದರು. ನಿಯಮ ಬದಲಾದರೆ ಜಗಳ ನಿಲ್ಲುತ್ತದೆ ಎಂದೇನಿಲ್ಲ. ಜಗಳ ಹೊಸ ಪ್ರಶ್ನೆಗಳ ಮೇಲೆ ನಡೆಯುತ್ತದೆ, ಅಷ್ಟೆ. ಕಿವುಡರು ವಿಶ್ವವಿದ್ಯಾಲಯ ನಡೆಸಬಲ್ಲರೇ ಎಂಬ ಹಳೆಯ ಪ್ರಶ್ನೆಯನ್ನು ಆಮೇಲೆ ಅಲ್ಲಿ ಯಾರೂ ಎತ್ತಲಿಲ್ಲ.

ವ್ಯಕ್ತಿ ಹೋದರೆ ಸಾಕೇ?

ಇದಕ್ಕೆ ಎದುರಾಗಿ ಇನ್ನೊಂದು ಉದಾಹರಣೆ ಇಡುತ್ತೇನೆ. 1973ರ ಡಿಸೆಂಬರ್‌ನಲ್ಲಿ ಅಹಮದಾಬಾದಿನ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಸ್ ಬಿಲ್ ಶೇಕಡ 20ರಷ್ಟು ಏರಿತು. ಹುಡುಗರು ಸಿಟ್ಟಿಗೆದ್ದರು. ಬೆಲೆ ಏರಿಕೆಯಿಂದ ಬಸವಳಿದಿದ್ದ ಊರೂ ಅವರ ಜೊತೆ ಸೇರಿತು. ಅದೇ ನವನಿರ್ಮಾಣ ಚಳವಳಿ. 1974ರ ಫೆಬ್ರವರಿಯಲ್ಲಿ ಮುಖ್ಯಮಂತ್ರಿ ಚಿಮನ್‌ಭಾಯಿ ಪಟೇಲ್ ರಾಜೀನಾಮೆ ಕೊಟ್ಟರು. ಮಾರ್ಚ್‌ನಲ್ಲಿ ವಿಧಾನಸಭೆಯೇ ವಿಸರ್ಜನೆ ಆಯಿತು. ಒಂದು ಹಾಸ್ಟೆಲಿನ ಮೆಸ್ಸಿನಿಂದ ಒಂದು ಸರ್ಕಾರ ಬೀಳುವವರೆಗೆ ಎರಡು ತಿಂಗಳೂ ಹಿಡಿಯಲಿಲ್ಲ. ಅದರ ಬಿಸಿ ಬಿಹಾರಕ್ಕೂ ತಗುಲಿ, ಜಯಪ್ರಕಾಶ ನಾರಾಯಣರ ಚಳವಳಿಗೆ ದಾರಿಯಾಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಅದೇ ಚಿಮನ್‌ಭಾಯಿ ಪಟೇಲ್ 1990ರಲ್ಲಿ ಮತ್ತೆ ಮುಖ್ಯಮಂತ್ರಿಯಾದರು. ಅಷ್ಟು ಹೊತ್ತಿಗೆ 1974ರಲ್ಲಿ ಬೀದಿಗಿಳಿದಿದ್ದ ಹುಡುಗರು ಸಂಸಾರಸ್ಥರಾಗಿದ್ದರು.

ಗೆಲುವು ಉಳಿದ ಕಡೆಗಳಲ್ಲಿ ಅದಕ್ಕೊಂದು ನಿಂತ ಜಾಗ ಸಿಕ್ಕಿರುತ್ತದೆ. 1918ರಲ್ಲಿ ಅರ್ಜೆಂಟೀನಾದ ಕಾರ್ಡೊಬಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಹಳೇ ಕಾಲದ ಪಾಠ, ಕೆಲವೇ ಮನೆತನಗಳ ಹಿಡಿತ ಇವುಗಳ ವಿರುದ್ಧ ಎದ್ದರು. ಅವರು ಪಡೆದದ್ದು ವಿಶ್ವವಿದ್ಯಾಲಯ ನಡೆಸುವ ಸಭೆಗಳಲ್ಲೇ ವಿದ್ಯಾರ್ಥಿಗಳಿಗೆ ಪಾಲು. ಆ ಮಾದರಿ ಪೆರು, ಚಿಲಿ, ಕ್ಯೂಬಾ ಹೀಗೆ ಲ್ಯಾಟಿನ್ ಅಮೆರಿಕದ ಉದ್ದಕ್ಕೂ ಹರಡಿತು. ನೂರು ವರ್ಷದ ಮೇಲೂ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಅದರ ಗುರುತು ಇದೆ. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನಲ್ಲಿ 1968ರ ನವೆಂಬರ್‌ನಿಂದ 1969ರ ಮಾರ್ಚ್‌ವರೆಗೆ ನಡೆದ ಮುಷ್ಕರ ಒಂದು ಹೊಸ ಅಧ್ಯಯನ ವಿಭಾಗವನ್ನೇ ಬಿಟ್ಟುಹೋಯಿತು. ಕಪ್ಪು, ಏಷ್ಯನ್, ಲ್ಯಾಟಿನೊ ಮತ್ತು ಮೂಲನಿವಾಸಿ ಜನರ ಬದುಕನ್ನು ಅವರದೇ ಕಡೆಯಿಂದ ಕಲಿಸುವ ವಿಭಾಗ ಅದು. ಮುಷ್ಕರ ಮಾಡಿದವರು ಹೋದರು, ವಿಭಾಗಕ್ಕೆ ಅಧ್ಯಾಪಕರು ಬಂದರು, ಬಜೆಟ್ ಬಂತು, ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳು ಬಂದರು.

ಬೇಡಿಕೆ ಬರೆಯುವ ಕೆಲಸ

'ಕ್ಯಾಂಪಸ್ಸಿನಲ್ಲಿ ಸಮಾನತೆ ಬೇಕು' ಅನ್ನುವುದು ಆಸೆ. ಅದನ್ನು ಯಾರೂ ಬೇಡ ಅನ್ನುವುದಿಲ್ಲ, ಯಾರೂ ಕೊಡುವುದೂ ಇಲ್ಲ. 'ಗ್ರಂಥಾಲಯದ ಮುಖ್ಯ ಬಾಗಿಲಿಗೆ ಇಂಥ ತಿಂಗಳೊಳಗೆ ರ‍್ಯಾಂಪ್ ಆಗಬೇಕು, ಅದಕ್ಕೆ ಈ ವರ್ಷದ ಬಜೆಟ್ಟಿನಲ್ಲಿ ಹಣ ಇಡಬೇಕು' ಅನ್ನುವುದು ಬೇಡಿಕೆ. ಅದಕ್ಕೆ ಹೌದು ಅಥವಾ ಇಲ್ಲ ಎಂದು ಉತ್ತರ ಕೊಡಲೇಬೇಕು. ಆ ಉತ್ತರ ಕೊಡುವ ಅಧಿಕಾರ ಯಾರಿಗಿದೆ ಎಂದು ಮೊದಲು ಹುಡುಕಬೇಕು. ವಾರ್ಡನ್ ಕೈಯಲ್ಲಿ ಇಲ್ಲದ ವಿಷಯಕ್ಕೆ ವಾರ್ಡನ್ ಕೋಣೆಯ ಮುಂದೆ ಕೂತರೆ ಎಲ್ಲರ ಶಕ್ತಿಯೂ ಹಾಳು. ಶುಲ್ಕ ಯಾರು ನಿಗದಿ ಮಾಡುತ್ತಾರೆ, ಹಾಸ್ಟೆಲ್ ನಿಯಮಕ್ಕೆ ಯಾರ ಸಹಿ ಬೇಕು, ಯಾವ ಸಭೆ ಯಾವಾಗ ನಡೆಯುತ್ತದೆ, ಇವೆಲ್ಲ ಬೇಸರದ ಕೆಲಸ. ಆದರೆ ಇದನ್ನು ಮಾಡಿದ ತಂಡ ಮಾತುಕತೆಯ ಮೇಜಿನಲ್ಲಿ ತಡವರಿಸುವುದಿಲ್ಲ.

ಆಡಳಿತ ಕೊಡುವ ಸಾಮಾನ್ಯ ಉತ್ತರ ಒಂದಿದೆ: 'ಸಮಿತಿ ಮಾಡುತ್ತೇವೆ.' ಸಮಿತಿಯೇ ಬೇಡ ಎಂದು ಎದ್ದು ಬರುವುದು ಜಾಣತನವಲ್ಲ. ಅದರಲ್ಲಿ ವಿದ್ಯಾರ್ಥಿಗಳು ಎಷ್ಟು ಜನ, ಅವರನ್ನು ಆರಿಸುವವರು ಯಾರು, ವರದಿ ಯಾವ ದಿನ ಬರಬೇಕು, ಅದನ್ನು ಎಲ್ಲರಿಗೂ ತೋರಿಸುತ್ತಾರೋ ಇಲ್ಲವೋ, ಇಷ್ಟನ್ನು ಅಲ್ಲೇ ಬರವಣಿಗೆಯಲ್ಲಿ ಕೇಳಬೇಕು. ವರದಿಯ ದಿನ ರಜೆಯೊಳಗೆ ಬಿದ್ದರೆ ಒಪ್ಪಬಾರದು.

ತೀರ್ಮಾನ ಯಾರದು, ಬೆಲೆ ಯಾರದು?

ಹತ್ತು ಜನ ಮುಖಂಡರು ರಾತ್ರಿ ಕೂತು ತೀರ್ಮಾನಿಸಿ ಬೆಳಗ್ಗೆ ಸಾವಿರ ಜನರ ಹೆಸರಿನಲ್ಲಿ ಮಾತಾಡುವ ಹೋರಾಟಗಳು ಬೇಗ ಒಡೆಯುತ್ತವೆ. 2012ರಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಶುಲ್ಕ ಏರಿಕೆ ವಿರುದ್ಧ ತಿಂಗಳುಗಟ್ಟಲೆ ಮುಷ್ಕರ ನಡೆಯಿತು. ಅಲ್ಲಿ ಮುಷ್ಕರಕ್ಕೆ ಇಳಿಯಬೇಕೋ ಬೇಡವೋ ಎಂದು ವಿದ್ಯಾರ್ಥಿ ಸಂಘಗಳು ತಮ್ಮ ತಮ್ಮ ಸಾಮಾನ್ಯ ಸಭೆಯಲ್ಲಿ ಮತ ಹಾಕಿ ತೀರ್ಮಾನಿಸಿದವು. ಮುಂದುವರಿಸಬೇಕೋ ಎಂದು ಹಲವು ಸಂಘಗಳು ಮತ್ತೆ ಮತ್ತೆ ಮತ ಹಾಕಿದವು. ಪ್ರತಿಭಟನೆಗೆ ಕಡಿವಾಣ ಹಾಕಲು ಸರ್ಕಾರ ವಿಶೇಷ ಕಾಯ್ದೆ ತಂದಾಗ ವಿದ್ಯಾರ್ಥಿಗಳಲ್ಲದವರೂ ಸಂಜೆ ಮನೆಯ ಹೊರಗೆ ಬಂದು ಪಾತ್ರೆ ಬಡಿದರು. ಸೆಪ್ಟೆಂಬರ್ ಚುನಾವಣೆಯಲ್ಲಿ ಸರ್ಕಾರ ಸೋತಿತು, ಹೊಸ ಸರ್ಕಾರ ಆ ಏರಿಕೆಯನ್ನು ರದ್ದು ಮಾಡಿತು.

ಹೊರಗಿನ ಜನರನ್ನು ಕಳೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ 1968ರ ಫ್ರಾನ್ಸ್ ಇದೆ. ಮೇ ತಿಂಗಳಲ್ಲಿ ವಿದ್ಯಾರ್ಥಿಗಳ ಜೊತೆ ಲಕ್ಷಾಂತರ ಕಾರ್ಮಿಕರು ಇಳಿದಾಗ ಸರ್ಕಾರವೇ ಬಿದ್ದಂತಿತ್ತು. ಜೂನ್ ಚುನಾವಣೆಯಲ್ಲಿ ಅಧ್ಯಕ್ಷ ಡಿಗಾಲ್ ಅವರ ಪಕ್ಷವೇ ಭಾರಿ ಬಹುಮತದಿಂದ ಗೆದ್ದಿತು. ಗಲಭೆ ಕಂಡು ಜನ ಹೆದರಿದ್ದರು. ಹಾಗಿದ್ದೂ ಅದೇ ವರ್ಷ ನವೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಹೊಸ ಕಾಯ್ದೆ ಬಂದು, ಅವುಗಳನ್ನು ನಡೆಸುವ ಮಂಡಳಿಗಳಲ್ಲಿ ವಿದ್ಯಾರ್ಥಿಗಳಿಗೆ ಸ್ಥಾನ ಸಿಕ್ಕಿತು.

ಬೆಲೆಯ ಬಗ್ಗೆಯೂ ಮುಚ್ಚುಮರೆ ಇಲ್ಲದೆ ಮಾತಾಡಬೇಕು. 1970ರ ಮೇ 4ರಂದು ಅಮೆರಿಕದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧ ವಿರೋಧಿ ಪ್ರತಿಭಟನೆಯ ವೇಳೆ ಸೈನಿಕರು ಹಾರಿಸಿದ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಸತ್ತರು. ಅವರಲ್ಲಿ ಇಬ್ಬರು ಪ್ರತಿಭಟನೆಯಲ್ಲೇ ಇರಲಿಲ್ಲ, ತರಗತಿಯಿಂದ ತರಗತಿಗೆ ಹೋಗುತ್ತಿದ್ದವರು. ಅಷ್ಟು ದೊಡ್ಡ ದುರಂತ ಎಲ್ಲ ಕಡೆ ಆಗುವುದಿಲ್ಲ. ಆದರೆ ಅಮಾನತು, ವಿದ್ಯಾರ್ಥಿವೇತನಕ್ಕೆ ಕತ್ತರಿ, ಪೊಲೀಸ್ ಕೇಸು, ಮನೆಯವರ ಭಯ ಇವೆಲ್ಲ ಇದ್ದೇ ಇರುತ್ತವೆ. ಇವು ಎಲ್ಲರ ಮೇಲೆ ಒಂದೇ ಥರ ಬೀಳುವುದಿಲ್ಲ. ಮನೆಯಿಂದ ಮೊದಲ ಬಾರಿ ಕಾಲೇಜು ಮೆಟ್ಟಿಲು ಹತ್ತಿದವಳಿಗೆ ಒಂದು ಅಮಾನತು ಅಂದರೆ ಓದೇ ನಿಂತಂತೆ. ವೀಸಾ ಮೇಲೆ ಬೇರೆ ದೇಶದಿಂದ ಬಂದವನಿಗೆ ದೇಶವನ್ನೇ ಬಿಡಬೇಕಾಗಬಹುದು. ಇದನ್ನು ಅರಿತ ತಂಡ ಎಲ್ಲರಿಂದಲೂ ಒಂದೇ ಬಗೆಯ ಧೈರ್ಯ ಕೇಳುವುದಿಲ್ಲ. ಬಂಧನದ ಸಾಧ್ಯತೆ ಇರುವ ಕಡೆ ಕೆಲವರು ನಿಲ್ಲುತ್ತಾರೆ. ಕರಪತ್ರ ಬರೆಯುವುದು, ಕಾನೂನು ಓದುವುದು, ಅಧ್ಯಾಪಕರ ಜೊತೆ ಮಾತಾಡುವುದು, ತಪ್ಪಿದ ತರಗತಿಯ ನೋಟ್ಸ್ ಸೇರಿಸಿಡುವುದು, ಇದೂ ಹೋರಾಟವೇ.

2015ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾದ ವಿದ್ಯಾರ್ಥಿಗಳು ಶುಲ್ಕ ಏರಿಕೆ ವಿರುದ್ಧ ದೇಶವ್ಯಾಪಿ ಎದ್ದರು. ಅದೇ ತಿಂಗಳು 23ರಂದು, ಮುಂದಿನ ವರ್ಷ ಶುಲ್ಕ ಒಂದಿಷ್ಟೂ ಏರುವುದಿಲ್ಲ ಎಂದು ಅಧ್ಯಕ್ಷರೇ ಪ್ರಕಟಿಸಿದರು. ಹಲವು ಕಡೆ ವಿದ್ಯಾರ್ಥಿಗಳು ತಮ್ಮ ಶುಲ್ಕದ ಜೊತೆಗೆ ಇನ್ನೊಂದನ್ನೂ ಕೇಳಿದ್ದರು. ಗುತ್ತಿಗೆ ಕಂಪನಿಗಳ ಕೆಳಗೆ ಕಡಿಮೆ ಕೂಲಿಗೆ ದುಡಿಯುವ ಕ್ಲೀನಿಂಗ್, ಸೆಕ್ಯುರಿಟಿ ಕೆಲಸಗಾರರನ್ನು ವಿಶ್ವವಿದ್ಯಾಲಯವೇ ನೇರವಾಗಿ ನೇಮಿಸಿಕೊಳ್ಳಬೇಕು ಎಂದು. ಕೇಪ್‌ಟೌನ್ ಸೇರಿದಂತೆ ಕೆಲವು ವಿಶ್ವವಿದ್ಯಾಲಯಗಳು ಇದಕ್ಕೆ ಒಪ್ಪಿದವು. ನಾಲ್ಕು ವರ್ಷಕ್ಕೆ ಹೋಗುವವರು, ಇಪ್ಪತ್ತು ವರ್ಷದಿಂದ ಅದೇ ಕಾರಿಡಾರ್ ಗುಡಿಸುತ್ತಿದ್ದವರ ಪರವಾಗಿ ನಿಂತ ಗಳಿಗೆ ಅದು. ಕ್ಯಾಂಪಸ್ ಅಂದರೆ ಓದುವವರು ಮಾತ್ರ ಅಲ್ಲ ಎಂದು ಅಷ್ಟು ಸ್ಪಷ್ಟವಾಗಿ ತೋರಿಸಿದ ಹೋರಾಟಗಳು ಕಡಿಮೆ.

ಮುಂದಿನವರಿಗೆ ದಾಟಿಸುವುದು

ಕೊನೆಯ ವರ್ಷದವರೇ ಎಲ್ಲವನ್ನೂ ಹೊತ್ತುಕೊಂಡ ಸಂಘಟನೆ ಆ ವರ್ಷದ ಬೀಳ್ಕೊಡುಗೆಯ ಜೊತೆ ಮುಗಿಯುತ್ತದೆ. ಇದನ್ನು ತಪ್ಪಿಸುವ ಕೆಲಸ ಚಿಕ್ಕಪುಟ್ಟದ್ದು, ಹೊಗಳಿಕೆ ಸಿಗದಂಥದ್ದು. ಪ್ರತಿ ಸಭೆಯಲ್ಲಿ ಏನು ತೀರ್ಮಾನವಾಯಿತು ಎಂದು ಬರೆದಿಡಬೇಕು. ಆಡಳಿತಕ್ಕೆ ಕೊಟ್ಟ ಮನವಿ, ಬಂದ ಉತ್ತರ, ಸುತ್ತೋಲೆ ಎಲ್ಲ ಒಂದು ಕಡೆ ಇರಬೇಕು. ಯಾವ ಅಧ್ಯಾಪಕರು ಜೊತೆಗಿದ್ದಾರೆ, ಯಾವ ವಕೀಲರು ಫೋನ್ ಎತ್ತುತ್ತಾರೆ ಎಂದು ಕಿರಿಯರಿಗೂ ಗೊತ್ತಿರಬೇಕು. ಹಳೆಯ ವಿದ್ಯಾರ್ಥಿಗಳ ಜೊತೆ ನಂಟು ಇಟ್ಟುಕೊಳ್ಳಬೇಕು. ಗ್ಯಾಲೊಡೆಟ್‌ನಲ್ಲಿ ಮೊದಲ ಸಭೆ ಕರೆದವರಲ್ಲಿ ಅವರೇ ಇದ್ದರು.

ಎಲ್ಲಕ್ಕಿಂತ ಮುಖ್ಯವಾಗಿ, ಕುಲಪತಿ ಅಥವಾ ಪ್ರಾಂಶುಪಾಲರ ಜೊತೆ ಮಾತುಕತೆಗೆ ಹೋಗುವ ತಂಡದಲ್ಲಿ ಮೊದಲ ವರ್ಷದ ಇಬ್ಬರಾದರೂ ಇರಬೇಕು. ಅವರು ಮಾತಾಡದಿದ್ದರೂ ಪರವಾಗಿಲ್ಲ, ಕೇಳಿಸಿಕೊಂಡು ಬರೆದುಕೊಂಡರೆ ಸಾಕು. ಆಡಳಿತ ಲಿಖಿತ ಭರವಸೆ ಕೊಟ್ಟ ದಿನವೇ ಅದರ ಒಂದು ಪ್ರತಿ ಅವರ ಕೈಗೆ ಹೋಗಲಿ. ಎರಡು ವರ್ಷದ ಮೇಲೆ ಆ ಗಡುವು ಬಂದಾಗ, ಕಾಗದ ಹಿಡಿದು ಕಚೇರಿಗೆ ಹೋಗಬೇಕಾದವರು ಅವರೇ.